ಹಳೇ ಲಾರಿಯ ಟ್ಯಾಪೆಟ್ ಸೆಟ್ಟಿಂಗ್: ಸಾಲ ಮಂಜೂರು ಮಾಡುವ ಮುಂಚೆ



ಒಳ ಸಾಲ ಕೇಳುವಾಗ "ಲಾರಿ ರಿಪೇರಿಗೆ" ಎಂದು ನಡಾವಳಿ ಪುಸ್ತಕದಲ್ಲಿ ಬರೆಸುವುದುಂಟು. ಏನು ರಿಪೇರಿ ಅಂತ ಕೇಳಿದರೆ "ಅದೆಲ್ಲ ಮನೆಯವರಿಗೆ ಗೊತ್ತು ಸಿಸ್ಟರ್" ಎಂಬ ಉತ್ತರ. ಕಂತು ಕಟ್ಟುವವರು ನಾವು, ಗೊತ್ತಿರುವುದು ಮಾತ್ರ ಅವರಿಗೆ! ಹಳೇ ಲಾರಿಯಲ್ಲಿ ದೊಡ್ಡ ಖರ್ಚು ಎಷ್ಟೋ ಸಲ ಒಂದು ಸಣ್ಣ ಕೆಲಸ ಬಿಟ್ಟಿದ್ದರಿಂದಲೇ ಬರುತ್ತದೆ. ಆ ಕೆಲಸಕ್ಕೆ ಗ್ಯಾರೇಜಿನಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಎನ್ನುತ್ತಾರೆ.

ಟೆಲ್ಕೋ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸತೊಡಗಿತು. ಆ ವಂಶದ 692, 697 ಎಂಬ ಆರು ಸಿಲಿಂಡರಿನ ಟಾಟಾ ಇಂಜಿನ್‌ಗಳನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳೋಣ. ಪ್ರತಿ ಸಿಲಿಂಡರಿಗೆ ಎರಡು ವಾಲ್ವ್, ಒಟ್ಟು ಹನ್ನೆರಡು. ಇನ್‌ಲೆಟ್ ವಾಲ್ವ್ ಗಾಳಿಯನ್ನು ಒಳಗೆ ಬಿಡುತ್ತದೆ, ಎಕ್ಸಾಸ್ಟ್ ವಾಲ್ವ್ ಹೊಗೆಯನ್ನು ಹೊರಗೆ ಕಳಿಸುತ್ತದೆ. ವಾಲ್ವಿನ ತಲೆಯನ್ನು ಒತ್ತಿ ತೆರೆಯುವ ಕಬ್ಬಿಣದ ತುಂಡಿಗೆ ರಾಕರ್ ಎಂದು ಹೆಸರು.

ರಾಕರಿಗೂ ವಾಲ್ವಿಗೂ ನಡುವೆ ಒಂದು ಕೂದಲೆಳೆಯಷ್ಟು ಸಂದು ಬಿಟ್ಟಿರಬೇಕು. ಮಳೆಗಾಲದಲ್ಲಿ ಬಾಗಿಲು ಊದಿಕೊಂಡು ಚೌಕಟ್ಟಿಗೆ ಕೂರದೇ ಹೋಗುತ್ತದಲ್ಲ, ಹಾಗೆಯೇ ಇಂಜಿನ್ ಕಾದಾಗ ಕಬ್ಬಿಣ ಹಿಗ್ಗುತ್ತದೆ. ಸಂದು ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಕುಕ್ಕರಿನ ಮುಚ್ಚಳದಲ್ಲಿ ಆವಿ ಸೋರಿದರೆ ಬೇಳೆ ಬೇಯುತ್ತದೆಯೇ? ಇಲ್ಲಿಯೂ ಒತ್ತಡ ಸೋರಿ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಲೋಡ್ ಹಾಕಿ ಏರು ಹತ್ತಿಸಿದರೆ ಎಳೆಯುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಇಳಿಸಿಕೊಳ್ಳುವುದು ಸೀಟಿನ ಮೇಲೆ ಗಟ್ಟಿಯಾಗಿ ಕೂತಾಗ. ಕೂರಲಾಗದಿದ್ದರೆ ಅದು ಸುಟ್ಟೇ ಹೋಗುತ್ತದೆ. ಆಗ ಹೆಡ್ ಬಿಚ್ಚಬೇಕು. ಸಾವಿರಗಟ್ಟಲೆ ಸಾಲ ಹುಟ್ಟುವುದು ಅಲ್ಲಿ.

ಸಂದು ಹೆಚ್ಚಾದರೆ "ಟಕ ಟಕ" ಸದ್ದು. ಪವರ್ ಸ್ವಲ್ಪ ಇಳಿಯುತ್ತದೆ, ಭಾಗಗಳು ಬೇಗ ಸವೆಯುತ್ತವೆ. ಸದ್ದು ಕೇಳಿ ಎಲ್ಲರೂ ಗಾಬರಿಯಾಗುತ್ತಾರೆ. ಆದರೆ ವಾಲ್ವ್ ಸೀಟು ಸವೆದಂತೆ ಸಂದು ತಾನಾಗಿ ಕಡಿಮೆಯಾಗಿ ಇಂಜಿನ್ ಇನ್ನೂ ಮೆತ್ತಗಾಗುವುದೂ ಉಂಟು. ನಮ್ಮ ಲೆಕ್ಕಕ್ಕೆ ಸದ್ದಿಗಿಂತ ಈ ಮೌನವೇ ಅಪಾಯ. ಸದ್ದು ಬರಬಾರದೆಂದು ಬಿಗಿ ಮಾಡಿಸುವ ಡ್ರೈವರುಗಳಿಗೆ ಇದನ್ನು ಹೇಳಿ.

ಕೆಲಸ ಹೇಗೆ ನಡೆಯಬೇಕು? ಇಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಾಡುವುದು ಒಳ್ಳೇದು. ಗಾಡಿ ನ್ಯೂಟ್ರಲಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು, ಸ್ಟಾಪ್ ಎಳೆದು ಡೀಸೆಲ್ ಬಂದ್ ಮಾಡಬೇಕು. ಮೇಲಿನ ಕವರ್ ಬಿಚ್ಚುವ ಮುಂಚೆ ಧೂಳು ಒರೆಸಬೇಕು, ಮಣ್ಣು ಒಳಗೆ ಬಿದ್ದರೆ ಬೇರೆ ಕಥೆ. ಈ ಇಂಜಿನ್ನಿನ ಸರದಿ 1-5-3-6-2-4. ಇಂಜಿನನ್ನು ಅದು ತಿರುಗುವ ದಿಕ್ಕಿನಲ್ಲೇ ನಿಧಾನ ತಿರುಗಿಸಿ, ಆರನೆಯದರ ಎರಡೂ ವಾಲ್ವ್ ಒಂದು ಮುಚ್ಚುತ್ತಾ ಇನ್ನೊಂದು ತೆರೆಯುವ ಹೊತ್ತಿಗೆ ನಿಲ್ಲಿಸಿದರೆ ಒಂದನೆಯದು ಸೆಟ್ಟಿಂಗಿಗೆ ಸಿದ್ಧ. ಎರಡನೆಯದು ಹಾಗಾದಾಗ ಐದನೆಯದು, ನಾಲ್ಕನೆಯದು ಹಾಗಾದಾಗ ಮೂರನೆಯದು. ಆಮೇಲೆ ಅದೇ ಜೋಡಿಗಳು ತಿರುವುಮುರುವು.

ಲಾಕ್ ನಟ್ ಸಡಿಲಿಸಿ, ಫೀಲರ್ ಗೇಜಿನ ತೆಳು ಪಟ್ಟಿಯನ್ನು ಸಂದಿನೊಳಗೆ ತೂರಿಸಿ, ಅದು ಸ್ವಲ್ಪ ಹಿಡಿದಂತೆ ಜಾರುವವರೆಗೆ ಸ್ಕ್ರೂ ತಿರುಗಿಸುತ್ತಾರೆ. ಸ್ಕ್ರೂ ಅಲುಗದಂತೆ ಹಿಡಿದುಕೊಂಡೇ ನಟ್ ಬಿಗಿ ಮಾಡಬೇಕು. ಬಿಗಿ ಮಾಡಿದ ಮೇಲೆ ಗೇಜನ್ನು ಮತ್ತೊಮ್ಮೆ ಹಾಕಿ ನೋಡಲೇಬೇಕು, ಯಾಕೆಂದರೆ ನಟ್ ತಿರುಗುವಾಗ ಅಳತೆ ಬದಲಾಗುತ್ತದೆ. ಅಳತೆ ಒಂದು ಮಿಲಿಮೀಟರಿನ ಹತ್ತು ಪಾಲಿನಲ್ಲಿ ಎರಡು ಮೂರು ಪಾಲು ಅಷ್ಟೇ. ಹೆಚ್ಚು ಕಾಯುವ ಎಕ್ಸಾಸ್ಟಿಗೆ ಜಾಸ್ತಿ, ಇನ್‌ಲೆಟ್‌ಗೆ ಕಡಿಮೆ. ನಿಖರ ಅಳತೆ ಆಯಾ ಇಂಜಿನ್ನಿನ ಪುಸ್ತಕದಲ್ಲಿರುತ್ತದೆ. "ಕೈ ಅಂದಾಜು ಸಾಕು" ಎನ್ನುವ ಮೇಸ್ತ್ರಿಗೆ ಗೇಜ್ ತರಲು ಹೇಳಿ, ನಾಚಿಕೆ ಬೇಡ.

ಹಾಗಾಗಿ ಮುಂದಿನ ಸಲ ಹೆಡ್ ಕೆಲಸಕ್ಕೆಂದು ಸಾಲದ ಅರ್ಜಿ ಬಂದರೆ ಸಭೆಯಲ್ಲಿ ಕೇಳಿ: ಟ್ಯಾಪೆಟ್ ನೋಡಿಸಿ ಎಷ್ಟು ಕಿಲೋಮೀಟರ್ ಆಯಿತು? ಕಂಪ್ರೆಷನ್ ಪರೀಕ್ಷೆ ಆಗಿದೆಯೇ? ಹೆಡ್ ಬಿಚ್ಚಲೇಬೇಕಾಗಿದ್ದರೆ ಹಣ ಕೊಡೋಣ. ಆದರೆ ಹೆಡ್ ಕೂರಿಸಿ ಸ್ವಲ್ಪ ಓಡಿಸಿದ ಮೇಲೆ ಕಂಪನಿ ಹೇಳಿದಂತೆ ಮತ್ತೆ ಸೆಟ್ಟಿಂಗ್ ಮಾಡಿಸುವ ಕೂಲಿಯನ್ನೂ ಅದೇ ಅರ್ಜಿಯಲ್ಲಿ ಸೇರಿಸಿಬಿಡಿ.