ಆಕಾಶದ ಗೆರೆಗೆ ಲ್ಯಾಬಿನ ಸಾಕ್ಷಿ
ನಾನಿರೋ ನುಂಗಂಬಾಕ್ಕಂನಲ್ಲೇ ಹಿಂದೆ ಮದ್ರಾಸ್ ವೀಕ್ಷಣಾಲಯ ಇತ್ತು. ಅಲ್ಲಿನ ಖಗೋಳಜ್ಞ ನಾರ್ಮನ್ ಪಾಗ್ಸನ್ 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನ ಮಚಲಿಪಟ್ಟಣದಿಂದ ನೋಡಿದಾಗ, ಸೋಡಿಯಂ ಗೆರೆಯ ಪಕ್ಕದಲ್ಲೊಂದು ಹಳದಿ ಗೆರೆ ಕಂಡಿತು. ಅದು ಹೀಲಿಯಂ. ಆದರೆ 1895ರಲ್ಲಿ ರಾಮ್ಸೇ ಲ್ಯಾಬಿನಲ್ಲಿ ಅದೇ ಗೆರೆ ಕಾಣೋವರೆಗೂ, 27 ವರ್ಷ, ಅನುಮಾನ ಹೋಗಲಿಲ್ಲ.

ಅಣು-ಅಯಾನುಗಳ ಕಥೆಯೂ ಇದೇ. ಲ್ಯಾಬಿನಲ್ಲಿ ಅಳೆದ ನಂಬರ್ ಇಲ್ಲದಿದ್ರೆ ಟೆಲಿಸ್ಕೋಪಿಗೆ ಸಿಕ್ಕ ಗೆರೆಗೆ ಹೆಸರಿಲ್ಲ. ಕಷ್ಟ ಎರಡು. ಅಯಾನು ಗೋಡೆಗೆ ತಾಕಿದರೆ ಮುಗೀತು. ಅದಕ್ಕೇ ರೇಡಿಯೋ ಆವರ್ತನದ ವಿದ್ಯುತ್ ಕ್ಷೇತ್ರದಲ್ಲಿ ಹಿಡಿದಿಡ್ತಾರೆ. ಬಿಸಿ ಇದ್ದರೆ ಒಂದೊಂದೂ ಒಂದೊಂದು ವೇಗದಲ್ಲಿ ಗಿರಗಿರ ತಿರುಗುತ್ತೆ, ಸಿಗ್ನಲ್ ಹತ್ತಾರು ಗೆರೆಗಳಿಗೆ ಹಂಚಿಹೋಗುತ್ತೆ. ಸುಮಾರು ಮೈನಸ್ 269 ಡಿಗ್ರಿಯ ಹೀಲಿಯಂ ಅನಿಲ ಬಿಟ್ಟರೆ, ಡಿಕ್ಕಿ ಹೊಡೆದೂ ಹೊಡೆದೂ ಅಯಾನುಗಳು ತಣ್ಣಗಾಗಿ ಕೆಳಗಿನ ಮಟ್ಟಗಳಿಗೆ ಇಳೀತವೆ. ಆಗ ಉಳಿಯೋದು ಕೆಲವೇ ಗೆರೆ, ಆದರೆ ಗಟ್ಟಿ ಗೆರೆ. ಅಂದು ಸೂರ್ಯನಲ್ಲಿ ಸಿಕ್ಕ ಹೀಲಿಯಂ, ಇಂದು ಬೇರೆ ಅಣುಗಳ ಗುರುತಿಗೆ ಸಹಾಯಕ.