ವರ್ಷಾಂತ್ಯದ ರಾತ್ರಿ: ಮೊದಲು ಕೃತಜ್ಞತೆ, ಬಳಿಕ ಹಾರೈಕೆ

ಹುಬ್ಬಳ್ಳಿ-ಧಾರವಾಡ: ಡಿಸೆಂಬರ್ 31ರ ರಾತ್ರಿ ಕ್ರೈಸ್ತರು ದೇವಾಲಯದಲ್ಲಿ ಸೇರುವುದೇಕೆ? ಹೊಸ ವರ್ಷವನ್ನು ಸ್ವಾಗತಿಸುವ ಮುನ್ನ, ಕಳೆದ ವರ್ಷಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸಲು.

ಈ ಜಾಗರಣೆಯ ಆರಾಧನೆಯನ್ನು ಜರ್ಮನಿಯ ಮೊರೇವಿಯನ್ ಸಭೆ 1733ರಲ್ಲಿ ಆರಂಭಿಸಿತು. ಜಾನ್ ವೆಸ್ಲಿ ಅದನ್ನು ಮೆಥಡಿಸ್ಟರಲ್ಲಿ ರೂಢಿಗೆ ತಂದರು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿದ ಬಳಿಕ ಬೆಳೆದ ಅವಳಿ ನಗರದ ಸಭೆಗಳಲ್ಲಿಯೂ ಇಂದು ಇದು ನಡೆಯುತ್ತದೆ.

ಸಾಮಾನ್ಯವಾಗಿ ಮೊದಲು ಪಾಪಗಳ ಅರಿಕೆ, ನಂತರ ಕೃತಜ್ಞತಾಸ್ತುತಿ, ಕೊನೆಗೆ ಹೊಸ ವರ್ಷದ ಪ್ರಾರ್ಥನೆ. ಆ ವರ್ಷ ಮನೆಯವರನ್ನು ಕಳೆದುಕೊಂಡವರೂ ಅಲ್ಲಿರುತ್ತಾರೆ. ಅವರ ಕೃತಜ್ಞತೆ ಬಂದ ಕಷ್ಟಕ್ಕಲ್ಲ. ಕಷ್ಟದಲ್ಲಿಯೂ ದೇವರು ಕೈಬಿಡಲಿಲ್ಲ ಎಂಬುದಕ್ಕೆ. ಯುಗಾದಿಯ ಬೇವು-ಬೆಲ್ಲವನ್ನು ಬಲ್ಲ ನಾಡಿಗೆ ಇದು ಅಪರಿಚಿತ ಭಾವವಲ್ಲ. ಮುಂದೆ ಸುಖವೇ ಬರುತ್ತದೆಂಬ ಮಾತು ಇಲ್ಲಿಲ್ಲ. ಬರುವುದನ್ನು ಒಂಟಿಯಾಗಿ ಎದುರಿಸಬೇಕಿಲ್ಲ ಎಂಬ ಭರವಸೆಯಿದೆ.