ಅಂಚೆ ವಿಳಾಸಗಳ ಶುದ್ಧಪಾಠ: ಹೆಡತಲೆ ಗ್ರಾಮದ ನಿದರ್ಶನ

ವಿಳಾಸವೆಂಬುದು ನೋಟಕ್ಕೆ ನಾಲ್ಕಾರು ಪಂಕ್ತಿಗಳ ಬರಹ ಮಾತ್ರ. ಆದರೆ ವೃದ್ಧಾಪ್ಯವೇತನದ ಆದೇಶ, ಬ್ಯಾಂಕಿನ ತಿಳಿವಳಿಕೆ ಪತ್ರ, ಉದ್ಯೋಗದ ಸಂದರ್ಶನಕ್ಕೆ ಬಂದ ಕರೆ ಇವು ಸಕಾಲದಲ್ಲಿ ಕೈಸೇರುವುದೂ ಸೇರದಿರುವುದೂ ಆ ಪಂಕ್ತಿಗಳನ್ನೇ ಅವಲಂಬಿಸಿವೆ. ಹಿಂದೆ ವಿಳಾಸದ ಕುಂದುಕೊರತೆಗಳನ್ನು ಅಂಚೆಯವನ ನೆನಪು ತುಂಬಿಕೊಡುತ್ತಿತ್ತು. ಇಂದು ಅನೇಕ ಕಚೇರಿಗಳಲ್ಲಿ ವಿಳಾಸವನ್ನು ಮೊದಲು ಓದುವುದು ಗಣಕಯಂತ್ರ. ಅದು ತಿದ್ದಿ ಮುದ್ರಿಸಿದ ರೂಪವೇ ಲಕೋಟೆಯ ಮೇಲೆ ಬರುತ್ತದೆ. ಆದುದರಿಂದ ವಿಳಾಸವನ್ನು ತಿದ್ದುವ ಕ್ರಮ ಯಾವುದಿರಬೇಕೆಂಬುದನ್ನು ಮೈಸೂರು ಜಿಲ್ಲೆ ನಂಜನಗೂಡು ತಾಲ್ಲೂಕಿನ ಹೆಡತಲೆ ಗ್ರಾಮವನ್ನು ನಿದರ್ಶನವಾಗಿಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಎರಡು ಕಾರ್ಯಗಳನ್ನು ಬೇರ್ಪಡಿಸಿ ನೋಡಬೇಕು. ನಾನಾ ವಿಧವಾಗಿ ಬರೆದುದನ್ನು ಒಂದೇ ರೂಪಕ್ಕೆ ತರುವುದು ಏಕರೂಪೀಕರಣ. ಹಾಗೆ ಬರೆದ ಸ್ಥಳ ನಿಜವಾಗಿಯೂ ಉಂಟೆ, ಅಲ್ಲಿ ಆ ವ್ಯಕ್ತಿಗೆ ಪತ್ರ ತಲಪುವುದೆ ಎಂದು ನೋಡುವುದು ಪ್ರಮಾಣೀಕರಣ. ಮೊದಲನೆಯದು ಬರಹಕ್ಕೆ ಸಂಬಂಧಿಸಿದುದು; ಎರಡನೆಯದು ನೆಲಕ್ಕೂ ಜನಕ್ಕೂ ಸಂಬಂಧಿಸಿದುದು. ರೂಪದಲ್ಲಿ ನಿರ್ದುಷ್ಟವಾದ ವಿಳಾಸವೂ ಬಟವಾಡೆಗೆ ಒದಗದೆ ಹೋಗಬಹುದು. ಕುಂಟುತ್ತಿರುವ ಬರಹವೂ ಮನೆ ಮುಟ್ಟಬಹುದು. ಇವೆರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಬಹುಪಾಲು ತೊಡಕುಗಳು ಹುಟ್ಟುತ್ತವೆ.

೧. ಊರಿನ ಹೆಸರು

ಹೆಡತಲೆ ಎಂಬ ಹೆಸರು ಕನ್ನಡದಲ್ಲಿ ನಾಲ್ಕು ಅಕ್ಷರ. ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ರೋಮನ್ ಲಿಪಿಗೆ ಇಳಿಸಿದೊಡನೆ ಸ್ಥಿತಿ ಬದಲಾಗುತ್ತದೆ. ಅಲ್ಲಿ ಡಕಾರಕ್ಕೂ ದಕಾರಕ್ಕೂ ಸಾಮಾನ್ಯವಾಗಿ ಒಂದೇ ಅಕ್ಷರ. ತಕಾರವನ್ನು ಕೆಲವರು ಒಂದಕ್ಷರದಿಂದಲೂ ಕೆಲವರು ಹಕಾರವನ್ನು ಸೇರಿಸಿಯೂ ಬರೆಯುವರು. ಕೊನೆಯ ಎಕಾರವನ್ನು ಅಕಾರವಾಗಿಸುವವರೂ ಉಂಟು. ಹೀಗಾದ ರೂಪಗಳನ್ನು ಯಂತ್ರವು ಮರಳಿ ಕನ್ನಡಕ್ಕೆ ತಂದಾಗ ಹೆದತಲೆ, ಹೆಡತಾಲೆ, ಹೇದಥಲ ಎಂಬ ಇಲ್ಲದ ಊರುಗಳು ಹುಟ್ಟುತ್ತವೆ.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದು ಹೊಸತಲ್ಲ. ಓಲೆಯ ಪ್ರತಿಗಳಲ್ಲಿ ಪಾಠಾಂತರಗಳು ಕಂಡಾಗ ಸಂಪಾದಕನು ಒಂದನ್ನು ಶುದ್ಧಪಾಠವೆಂದು ಅಂಗೀಕರಿಸುತ್ತಾನೆ. ಉಳಿದುವನ್ನು ಎಸೆಯದೆ ಅಡಿಟಿಪ್ಪಣಿಯಲ್ಲಿ ಕಾಯ್ದಿಡುತ್ತಾನೆ. ವಿಳಾಸದ ಪಟ್ಟಿಗೂ ಇದೇ ನ್ಯಾಯ. ಕನ್ನಡ ರೂಪವನ್ನು ಮೂಲವಾಗಿರಿಸಿ, ರೂಢಿಯಲ್ಲಿರುವ ಇತರ ಬರಹಗಳನ್ನೆಲ್ಲ ಅದಕ್ಕೆ ಸೇರಿಸಿಟ್ಟರೆ ಹೊರಗಿನಿಂದ ಬಂದ ಯಾವ ರೂಪವೂ ಹೆಡತಲೆಯನ್ನೇ ಮುಟ್ಟುತ್ತದೆ.

ಅತಿಯಾದ ತಿದ್ದುಪಡಿಯೂ ಅಪಾಯಕರ. ಇದೇ ತಾಲ್ಲೂಕಿನಲ್ಲಿ ಹದಿನಾರು ಎಂಬ ಗ್ರಾಮವಿದೆ. ಸಂಖ್ಯಾವಾಚಕಗಳನ್ನೆಲ್ಲ ಅಂಕಿಗೆ ಬದಲಿಸಬೇಕೆಂಬ ನಿಯಮವನ್ನು ಯಂತ್ರಕ್ಕೆ ಕೊಟ್ಟರೆ ಅದು ಹದಿನಾರನ್ನು ೧೬ ಎಂದು ಮಾಡಿ ಮನೆಸಂಖ್ಯೆಯ ಸ್ಥಾನದಲ್ಲಿರಿಸುತ್ತದೆ. ಗ್ರಾಮವೇ ವಿಳಾಸದಿಂದ ಲೋಪವಾಗುತ್ತದೆ. ಹೆಡತಲೆಯಲ್ಲಿಯೇ ‘ಹದಿನಾರು ಮುಖದ ಚಾವಡಿ’ ಎಂಬ ಪ್ರಸಿದ್ಧ ಕಟ್ಟಡವಿದೆ. ‘ಚಾವಡಿಯ ಬಳಿ’ ಎಂಬ ಗುರುತನ್ನು ಬರೆದವನ ಗತಿಯೂ ಇದೇ. ನೆರೆಯ ತಿರುಮಕೂಡಲು ನರಸೀಪುರದ ಹೆಸರಿನಲ್ಲಿ ಸಾಮಾನ್ಯವಾಗಿ ಉಳಿದಿರುವುದು ‘ಟಿ.’ ಎಂಬ ಒಂದೇ ಅಕ್ಷರ. ಅದು ಅಲಂಕಾರವಲ್ಲ, ಹಾಸನ ಜಿಲ್ಲೆಯ ಹೊಳೆನರಸೀಪುರದಿಂದ ಆ ಊರನ್ನು ಬೇರ್ಪಡಿಸುವ ಏಕಮಾತ್ರ ಚಿಹ್ನೆ. ಅನಗತ್ಯವೆಂದು ಅದನ್ನು ಅಳಿಸಿದರೆ ಕಾವೇರಿ–ಕಪಿಲಾ ಸಂಗಮಕ್ಕೆ ಹೋಗಬೇಕಾದ ಪತ್ರ ಹೇಮಾವತಿಯ ದಡ ಸೇರಬಹುದು.

೨. ಎರಡು ಶ್ರೇಣಿಗಳು

ನಮ್ಮ ಗ್ರಾಮವಿಳಾಸದಲ್ಲಿ ಎರಡು ಶ್ರೇಣಿಗಳು ಬೆರೆತಿವೆ. ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂಬುವು ಕಂದಾಯದ ಶ್ರೇಣಿ. ಶಾಖಾ ಅಂಚೆ ಕಚೇರಿ, ಉಪ ಅಂಚೆ ಕಚೇರಿ, ಪ್ರಧಾನ ಅಂಚೆ ಕಚೇರಿ ಎಂಬುವು ಬಟವಾಡೆಯ ಶ್ರೇಣಿ. ‘ಗ್ರಾಮ ಮತ್ತು ಅಂಚೆ’ ಎಂಬ ನಮ್ಮ ರೂಢಿಯ ಮಾತು ಎರಡೂ ಒಂದೇ ಸ್ಥಳದಲ್ಲಿ ಕೂಡಿವೆ ಎಂದು ಸಾರುತ್ತದೆ. ಕೂಡದಿದ್ದಲ್ಲಿ ಎರಡನ್ನೂ ಬರೆಯಲೇಬೇಕು.

೧೯೭೨ರ ಆಗಸ್ಟ್ ೧೫ರಂದು ಜಾರಿಗೆ ಬಂದ ಆರಂಕಿಯ ಪಿನ್‌ಕೋಡ್ ಬಟವಾಡೆಯ ಶ್ರೇಣಿಗೆ ಸೇರಿದುದು. ಇದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿಯೂ ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಹೆಸರುಗಳ ಸಾಮ್ಯ, ಭಾಷೆಗಳ ಬಾಹುಳ್ಯ ಇವುಗಳಿಂದ ವಿಂಗಡಣೆಯಲ್ಲಿ ಉಂಟಾಗುತ್ತಿದ್ದ ಗೊಂದಲವನ್ನು ನೀಗುವುದೇ ಇದರ ಗುರಿ. ಮೊದಲ ಅಂಕಿ ವಲಯವನ್ನೂ, ಮೊದಲ ಮೂರು ಅಂಕಿಗಳು ಕೂಡಿ ವಿಂಗಡಣೆಯ ಪ್ರದೇಶವನ್ನೂ, ಕೊನೆಯ ಮೂರು ಬಟವಾಡೆ ಕಚೇರಿಯನ್ನೂ ಸೂಚಿಸುತ್ತವೆ. ನಂಜನಗೂಡು ೫೭೧೩೦೧, ಮಡಿಕೇರಿ ೫೭೧೨೦೧, ಮಂಡ್ಯ ೫೭೧೪೦೧, ಚಾಮರಾಜನಗರ ೫೭೧೩೧೩: ಜಿಲ್ಲೆಗಳು ನಾಲ್ಕು, ಮೊದಲ ಮೂರು ಅಂಕಿಗಳು ಒಂದೇ. ೧೯೯೭ರಲ್ಲಿ ಚಾಮರಾಜನಗರವು ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾಯಿತು. ಅದರ ಸಂಖ್ಯೆ ಮಾತ್ರ ನಂಜನಗೂಡಿನ ಸಾಲಿನಲ್ಲಿಯೇ ಉಳಿಯಿತು. ಆದುದರಿಂದ ಪಿನ್‌ಕೋಡಿನಿಂದ ಜಿಲ್ಲೆಯನ್ನು ಊಹಿಸಿ ತುಂಬುವುದು ತಪ್ಪು. ಅಲ್ಲದೆ ಶಾಖಾ ಕಚೇರಿಗಳು ಸಾಮಾನ್ಯವಾಗಿ ತಮ್ಮ ಮೇಲಿನ ಕಚೇರಿಯ ಸಂಖ್ಯೆಯನ್ನೇ ಹಂಚಿಕೊಳ್ಳುವುದರಿಂದ ಒಂದೇ ಸಂಖ್ಯೆಯಲ್ಲಿ ಹಲವು ಗ್ರಾಮಗಳಿರುತ್ತವೆ. ಸಂಖ್ಯೆ ಸರಿಯಿದ್ದರೆ ಗ್ರಾಮವೂ ಸರಿ ಎಂದು ತಿಳಿಯುವಂತಿಲ್ಲ.

೩. ವ್ಯಕ್ತಿಯ ಗುರುತು

ಗ್ರಾಮ ನಿಶ್ಚಯವಾದ ಮೇಲೆ ಉಳಿಯುವುದು ವಿಳಾಸದಾರನ ಗುರುತು. ನಂಜುಂಡೇಶ್ವರನ ಸೀಮೆಯಲ್ಲಿ ನಂಜುಂಡಸ್ವಾಮಿ, ಮಹದೇವಯ್ಯ, ಸಿದ್ದಪ್ಪ ಮುಂತಾದ ಹೆಸರುಗಳು ಬೀದಿಬೀದಿಗೂ ಉಂಟು. ಆದಕಾರಣ ಮೈಸೂರು ಸೀಮೆಯ ದಾಖಲೆಗಳಲ್ಲಿ ಮಗನಿಗೆ ‘ಬಿನ್’, ಹೆಂಡತಿಗೆ ‘ಕೋಂ’ ಎಂಬ ಪದಗಳನ್ನಿಟ್ಟು ತಂದೆಯ ಅಥವಾ ಗಂಡನ ಹೆಸರನ್ನು ಬರೆಯುವ ಪದ್ಧತಿ ಬೆಳೆಯಿತು. ಕಲ್ಪಿತ ನಿದರ್ಶನವೊಂದನ್ನು ಕೊಡುವುದಾದರೆ, ‘ಮಹದೇವಯ್ಯ ಬಿನ್ ಸಿದ್ದಯ್ಯ’ ಎಂಬಲ್ಲಿ ಬಟವಾಡೆಗೆ ಆಧಾರವಾಗುವುದು ಎರಡನೆಯ ಹೆಸರು. ನಗರದ ನಮೂನೆಯನ್ನು ಅನುಸರಿಸಿ ಯಂತ್ರವು ‘ಬಿನ್ ಸಿದ್ದಯ್ಯ’ ಎಂಬುದನ್ನು ಹೆಚ್ಚುವರಿಯೆಂದು ಕಳೆದರೆ, ನೋಟಕ್ಕೆ ಶುದ್ಧವಾದ ಆ ಲಕೋಟೆ ‘ವಿಳಾಸದಾರರು ಸಿಕ್ಕಿಲ್ಲ’ ಎಂಬ ಷರಾ ಹೊತ್ತು ಹಿಂದಿರುಗುತ್ತದೆ.

ಇನ್ನೊಂದು ವಿಷಯವನ್ನು ಮರೆಯಲಾಗದು. ನಮ್ಮ ಅನೇಕ ಗ್ರಾಮಗಳಲ್ಲಿ ಬೀದಿಗಳಿಗೆ ಜಾತಿಯ ಹೆಸರುಗಳು ಅಂಟಿಕೊಂಡಿವೆ. ಅವನ್ನೇ ಶುದ್ಧಪಾಠವೆಂದು ಪಟ್ಟಿಗೆ ಸೇರಿಸಿದರೆ ಪ್ರತಿಯೊಬ್ಬನೂ ತನ್ನ ಜಾತಿಯನ್ನು ಲಕೋಟೆಯ ಮೇಲೆ ಹೊತ್ತು ತಿರುಗಬೇಕಾಗುತ್ತದೆ. ಮಹಾರಾಷ್ಟ್ರ ಸರ್ಕಾರ ೨೦೨೦ರಲ್ಲಿ ಇಂಥ ಹೆಸರುಗಳನ್ನು ಬದಲಿಸಲು ನಿರ್ಧರಿಸಿತು. ಇಲ್ಲಿ ಪಾಠಾಂತರದ ನಿಯಮ ನೆರವಿಗೆ ಬರುತ್ತದೆ: ಗ್ರಾಮಸ್ಥರು ಒಪ್ಪಿದ ಹೊಸ ಹೆಸರು ಲಕೋಟೆಯ ಮೇಲಿರಲಿ, ಹಳೆಯದು, ಹಳೆಯ ಪತ್ರಗಳನ್ನು ಗುರುತಿಸುವುದಕ್ಕಾಗಿ ಮಾತ್ರ, ಕಚೇರಿಯ ಪುಸ್ತಕದೊಳಗಿರಲಿ.

೪. ನೆಲದ ಸಂಕೇತ

೨೦೨೫ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂಬ ಹೊಸ ಸಂಕೇತವನ್ನು ಪ್ರಕಟಿಸಿತು. ಅಕ್ಷಾಂಶ–ರೇಖಾಂಶಗಳಿಂದ ಗಣಿಸುವ ಇದರಲ್ಲಿ ದೇಶವನ್ನೊಳಗೊಂಡ ಚೌಕವನ್ನು ಹದಿನಾರು ಭಾಗಗಳಾಗಿಯೂ, ಪ್ರತಿ ಭಾಗವನ್ನು ಮತ್ತೆ ಹದಿನಾರಾಗಿಯೂ, ಹೀಗೆ ಹತ್ತು ಸಲ ವಿಭಾಗಿಸುತ್ತಾರೆ. ಕೊನೆಗೆ ಉಳಿಯುವುದು ಸುಮಾರು ನಾಲ್ಕು ಮೀಟರ್ ಚದರದ ನೆಲ. ಮನೆಸಂಖ್ಯೆಯಿಲ್ಲದ ಗ್ರಾಮಗಳಿಗೆ ಇದು ನಿಜವಾದ ಉಪಕಾರ. ಆದರೆ ಯಾರೂ ವಾಸಿಸದ ಗದ್ದೆಯ ಅಂಚಿಗೂ ಇಂಥದೊಂದು ಸಂಕೇತವುಂಟು. ಅದು ಸ್ಥಳವನ್ನು ತೋರಿಸುತ್ತದೆಯೇ ಹೊರತು ಅಲ್ಲಿ ಪತ್ರವನ್ನು ಪಡೆಯುವವರು ಯಾರೆಂದು ಹೇಳುವುದಿಲ್ಲ.

ಮೇಲಣ ವಿವೇಚನೆಯಿಂದ ಹೊರಡುವ ಕ್ರಮವಿದು. ವಿಳಾಸದಾರನು ಬರೆದ ಮೂಲವನ್ನು ಅಳಿಸದೆ ಇರಿಸಿಕೊಳ್ಳಬೇಕು. ಊರಿನ ಹೆಸರನ್ನು ಕನ್ನಡದ ಶುದ್ಧರೂಪಕ್ಕೆ ಹೊಂದಿಸಬೇಕು. ಕಂದಾಯದ ಗ್ರಾಮವನ್ನೂ ಬಟವಾಡೆಯ ಕಚೇರಿಯನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆದು ಒಂದನ್ನೊಂದು ಒಪ್ಪುವುದೆ ಎಂದು ನೋಡಬೇಕು. ತಂದೆಯ ಅಥವಾ ಗಂಡನ ಹೆಸರಿಗೆ ಪ್ರತ್ಯೇಕ ಸ್ಥಾನವಿರಬೇಕು. ಸಂದೇಹ ಉಳಿದಲ್ಲಿ ಯಂತ್ರವು ಊಹಿಸದೆ, ಆ ಗ್ರಾಮದಲ್ಲಿ ಬಟವಾಡೆ ಮಾಡುವವರನ್ನು ಕೇಳಿ ನಿರ್ಧರಿಸಬೇಕು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೊದಲಾದ ಮೈಸೂರು ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ವ್ಯವಸ್ಥೆ ಬದಲಾದರೂ ಕೊನೆಯ ಹರದಾರಿಯನ್ನು ನಡೆದವನು ಊರನ್ನು ಬಲ್ಲವನೇ. ಅವನು ಬಲ್ಲುದನ್ನು ಬರಹಕ್ಕೆ ಇಳಿಸುವುದೇ ವಿಳಾಸದ ಶುದ್ಧೀಕರಣ; ಅದನ್ನು ಅಳಿಸುವುದಲ್ಲ.